ಕೂಲಂಟ್ ಲೆಕ್ಕ ಸಾಕು, ಚಿಪ್ಸ್ ಲೆಕ್ಕ ಕೊಡಿ

ಅಲ್ಯೂಮಿನಿಯಂ ಮಷೀನಿಂಗ್‌ನ ‘ಹಸಿರು’ ಚರ್ಚೆ ಕೂಲಂಟ್ ಟ್ಯಾಂಕಿನೊಳಗೇ ಮುಳುಗಿ ಕುಳಿತಿದೆ. ಅದು ಚಿಪ್ಸ್ ತುಂಬುವ ಡ್ರಮ್ಮಿನ ಬಳಿಗೆ ಬರಬೇಕು. ತಾಮ್ರ, ಸತು, ಅಲ್ಯೂಮಿನಿಯಂ ಗುಜರಿಯ ಮರುಬಳಕೆಗೆ ಉತ್ಪಾದಕರನ್ನೇ ಹೊಣೆ ಮಾಡುವ ಕೇಂದ್ರದ ನಿಯಮ ಜಾರಿಗೆ ಗೊತ್ತಾದ ದಿನ 2026ರ ಏಪ್ರಿಲ್ 1. ಮೊದಲ ವರ್ಷದ ಗುರಿ ಶೇ 10. ಅದರ ಕಣ್ಣಿರುವುದು ಬಳಸಿ ಬಿಸಾಡಿದ ವಸ್ತುಗಳ ಮೇಲೆ. ಪೀಣ್ಯದ ಶೆಡ್ಡುಗಳಲ್ಲಿ, ಬೆಳಗಾವಿಯ ವಿಮಾನ ಬಿಡಿಭಾಗ ಘಟಕಗಳಲ್ಲಿ ಗ್ರಾಹಕನ ಕೈಸೇರುವ ಮೊದಲೇ ಗುಜರಿಯಾಗುವ ಲೋಹದ ಬಗ್ಗೆ ಯಾರಿಗೂ ಅವಸರವಿಲ್ಲ.

ಸೆಮಿನಾರುಗಳಲ್ಲಿ ತಪ್ಪದೆ ತೋರಿಸುವ ಅಂಕಿಯೊಂದಿದೆ. 1990ರ ದಶಕದ ಜರ್ಮನ್ ವಾಹನೋದ್ಯಮದ್ದು: ತಯಾರಿಕಾ ವೆಚ್ಚದಲ್ಲಿ ಕೂಲಂಟ್ ಪಾಲು ಶೇ 7ರಿಂದ 17, ಟೂಲ್‌ಗಳದ್ದು ಶೇ 2ರಿಂದ 4. ಇದರ ಬೆನ್ನಿಗೇ ಎಂಕ್ಯೂಎಲ್ (ಕನಿಷ್ಠ ಪ್ರಮಾಣದ ಲೂಬ್ರಿಕೇಶನ್) ಕಿಟ್ ಮಾರಾಟ. ಗಂಟೆಗೆ ಸಾವಿರಾರು ಲೀಟರ್ ಸುರಿಯುವ ಬದಲು 50 ಮಿ.ಲೀ. ಎಣ್ಣೆಯ ತುಂತುರು. ತಪ್ಪೇನಿಲ್ಲ. ಆದರೆ ನೋಡಬೇಕಾದ ಅಂಕಿ ಬೇರೆಯದು: 0.25.

ಅಲ್ಯೂಮಿನಿಯಂನ 6061 ಗ್ರೇಡಿನಲ್ಲಿ ಸತು ಶೇ 0.25 ಮೀರುವಂತಿಲ್ಲ. 7075 ಗ್ರೇಡಿನಲ್ಲಿ ಅದು ಸುಮಾರು ಶೇ 5.6. ಅಂದರೆ 100 ಕೆ.ಜಿ. 6061 ಚಿಪ್ಸ್‌ಗೆ 7075ರದ್ದು ಬರೀ 5 ಕೆ.ಜಿ. ಬೆರೆತರೂ ಗ್ರೇಡ್ ಕೆಟ್ಟಿತು. ಬೆಳಿಗ್ಗೆ ಒಂದು ಜಾಬ್, ಮಧ್ಯಾಹ್ನ ಇನ್ನೊಂದು, ಡ್ರಮ್ ಮಾತ್ರ ಒಂದೇ ಇರುವ ಶೆಡ್ಡಿನಲ್ಲಿ ಬೆರೆಯದೆ ಇನ್ನೇನಾದೀತು? ಹಾಗೆ ಬೆರೆತ ಸತುವನ್ನು, ತಾಮ್ರವನ್ನು ಕುಲುಮೆಯಲ್ಲಿ ಬೇರ್ಪಡಿಸುವುದು ಗಿಟ್ಟುವ ಕೆಲಸವಲ್ಲ. ಎರಕದ ಗ್ರೇಡಿಗೆ ಇಳಿಸಬೇಕು, ಇಲ್ಲವೇ ಹೊಸ ಲೋಹ ಸುರಿದು ಸರಿದೂಗಿಸಬೇಕು. ಹೊಸ ಲೋಹವೆಂದರೆ ಕೆ.ಜಿ.ಗೆ ಸುಮಾರು 14 ಯೂನಿಟ್ ವಿದ್ಯುತ್. ನಮ್ಮಲ್ಲಿ ಬಹುಪಾಲು ಕಲ್ಲಿದ್ದಲಿನದು. ಗುಜರಿಯನ್ನು ಕರಗಿಸಿ ಪಡೆಯಲು ಗಣಿಯಿಂದ ಪಡೆಯುವುದರ ಶೇ 5ರಷ್ಟು ಶಕ್ತಿ ಸಾಕು. ಇನ್ನು ಅದೇ ಒಂದು ಕೆ.ಜಿ.ಯನ್ನು ಕತ್ತರಿಸಲು ಟೂಲ್‌ನ ಅಂಚಿನಲ್ಲಿ ಖರ್ಚಾಗುವುದು ಯೂನಿಟ್ಟಿನ ಹತ್ತನೇ ಒಂದು ಭಾಗದ ಆಸುಪಾಸು. ವಿಮಾನದ ರೆಕ್ಕೆಯ ರಿಬ್‌ಗಳಲ್ಲಿ ಪ್ಲೇಟಿನ ಹತ್ತರಲ್ಲಿ ಒಂಬತ್ತು ಪಾಲು ಚಿಪ್ಸ್ ಆಗುವುದು ಮಾಮೂಲು. ಇಷ್ಟಾದರೂ ನಾವು ಜಗಳವಾಡುವುದು ಎಣ್ಣೆಯ ಬಗ್ಗೆ!

ಟೂಲ್ ಮುಖ್ಯವೇ. ಉಕ್ಕಿಗೆಂದು ತಂದ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಲೇಪನದ ಎಂಡ್ ಮಿಲ್ ಹಾಕಿದರೆ ಅಂಚಿಗೆ ಅಲ್ಯೂಮಿನಿಯಂ ಮೆತ್ತಿಕೊಳ್ಳುತ್ತದೆ. ಪಾಲಿಶ್ ಮಾಡಿದ ಕಾರ್ಬೈಡ್ ಅಥವಾ ವಜ್ರದಂಥ ಇಂಗಾಲದ ಡಿಎಲ್‌ಸಿ ಲೇಪನವಿದ್ದರೆ ಕಡಿಮೆ ಎಣ್ಣೆಯಲ್ಲೂ ಕೆಲಸ ಸಾಗುತ್ತದೆ. ಸಿಲಿಕಾನ್ ಹೆಚ್ಚಿರುವ ಎರಕಕ್ಕೆ ಪಿಸಿಡಿ (ಬಹುಸ್ಫಟಿಕ ವಜ್ರ) ಟೂಲ್. ಆದರೆ ಎಂಕ್ಯೂಎಲ್‌ನ ನಿಜವಾದ ಲಾಭ ಉಳಿದ ಎಣ್ಣೆಯಲ್ಲಿಲ್ಲ, ಒಣ ಚಿಪ್ಸ್‌ನಲ್ಲಿದೆ. ನೆಂದ ಚಿಪ್ಸ್ ಕುಲುಮೆಯಲ್ಲಿ ಹೊಗೆಯಾಡಿ, ಒಂದಷ್ಟು ಲೋಹ ಕಿಟ್ಟವಾಗಿ ಹೋಗುತ್ತದೆ.

ಆಳವಾದ ಪಾಕೆಟ್‌ನಿಂದ ಚಿಪ್ಸ್ ಹೊರಗೆ ತಳ್ಳಲು ಕೂಲಂಟ್ ಧಾರೆಯೇ ಬೇಕು ಎನ್ನುವವರ ಮಾತು ಸರಿ. ಅಲ್ಲಿ ಧಾರೆ ಇರಲಿ, ಆಮೇಲೆ ಸ್ಪಿನ್ನರ್‌ನಲ್ಲಿ ಒಣಗಿಸಬಹುದು. ಆದರೆ ಗ್ರೇಡ್‌ಗಳ ಬೆರಕೆ ಬಿಡಿಸುವ ಯಂತ್ರ ಯಾವ ಸಣ್ಣ ಶೆಡ್ಡಿನಲ್ಲೂ ಇಲ್ಲ.

ಎರಡು ಡ್ರಮ್ ಇಟ್ಟರೆ ಗುಜರಿಯವನು ಎರಡು ದರ ಕೊಡುತ್ತಾನೆಯೇ ಎಂದು ಶೆಡ್ ಮಾಲೀಕ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ, ಒಬ್ಬನ ಎರಡು ಡ್ರಮ್ಮಿಗೆ ಯಾರೂ ಕೊಡುವುದಿಲ್ಲ. ಆದರೆ ದಾರಿಯಿದೆ: ಸಣ್ಣ ಕೈಗಾರಿಕಾ ಕ್ಲಸ್ಟರ್‌ಗಳ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ಅನುದಾನವಿದೆ. ಅದರಲ್ಲಿ ಪೀಣ್ಯಕ್ಕೊಂದು, ಬೆಳಗಾವಿಗೊಂದು ಕೇಂದ್ರ ತೆರೆದು, ಹತ್ತಾರು ಶೆಡ್ಡುಗಳ ಚಿಪ್ಸನ್ನು ಗ್ರೇಡ್‌ವಾರು ಪಡೆದು, ಎಕ್ಸ್‌ಆರ್‌ಎಫ್ ಗನ್ನಿನಿಂದ ಪರೀಕ್ಷಿಸಿ, ಒಣಗಿಸಿ, ಅಚ್ಚೊತ್ತಿ ನೇರವಾಗಿ ಕುಲುಮೆಗೆ ಮಾರಲಿ. ಎಂಕ್ಯೂಎಲ್ ಕಿಟ್‌ಗೆ ಸಬ್ಸಿಡಿ ಕೇಳುವ ಸಂಘಗಳು ಮೊದಲು ಈ ಅರ್ಜಿ ಹಾಕಲಿ.