ಆಫ್ರಿಕಾದ ಅಜ್ಜಿ, ಅಶೋಕಪುರಂ ಬೀಗರು



ಮನುಷ್ಯರೆಲ್ಲರ ಮೂಲ ಆಫ್ರಿಕಾ ಅಂತ ಹೇಳೋ ದಪ್ಪ ಪುಸ್ತಕಗಳನ್ನ ನಾವೂ ಓದಿದ್ದೇವೆ. ಮೈಸೂರಿನ ವಿದ್ಯಾವಂತರೂ ಓದಿ ತಲೆದೂಗುತ್ತಾರೆ. ಅದೇ ಬಾಯಲ್ಲಿ, ಬಾಡಿಗೆ ಮನೆ ಕೇಳಲು ಹೋದವರನ್ನ 'ಯಾವ ಜನ?' ಅಂತಾರೆ.

ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡಿನ ವಿಜ್ಞಾನಿಗಳು 2013ರಲ್ಲಿ ವಂಶವಾಹಿಗಳನ್ನು ಪರೀಕ್ಷಿಸಿ ಹೇಳಿದರು: ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ಬೆರೆಯುತ್ತಿದ್ದರು, ಆಮೇಲೆ ಒಳಮದುವೆ ಬೇಲಿಯಾಯಿತು. ಬೆರೆತಿದ್ದ ಜನರನ್ನ ಜಾತಿಗಳಾಗಿ ಒಡೆದದ್ದು ಒಳಮದುವೆಯೇ ಎಂದು ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ್ದರು. ವಿಜ್ಞಾನ ಅಲ್ಲಿಗೆ ಬರಲು ಸುಮಾರು ನೂರು ವರ್ಷ ಹಿಡಿಯಿತು.

ಜಾತಿ ರಕ್ತದಲ್ಲಿ ಹುಟ್ಟಿದ್ದಲ್ಲ, ಮನುಷ್ಯರು ಹಾಕಿದ ಬೇಲಿ. ಹಾಕಿದ್ದನ್ನ ಕೀಳಬಹುದು. ಆಫ್ರಿಕಾದ ಅಜ್ಜಿಯನ್ನ ಒಪ್ಪೋರು ಅಶೋಕಪುರಂ ಜೊತೆ ಬೀಗತನ ಬೆಳೆಸಲಿ. ಆಗ ಓದಿದ್ದಾರೆ ಅಂತ ನಂಬ್ತೀವಿ.

ಜೈ ಭೀಮ್.