ಹಳೇ ಟ್ರ್ಯಾಕ್ಟರ್ ಕೊಳ್ಳುವವರು ವಾಯರನ್ನೂ ನೋಡಲಿ

ಹಳೇ ಟ್ರ್ಯಾಕ್ಟರ್ ಕೊಳ್ಳಲು ಹೋದಾಗ ನಾವು ಏನು ನೋಡುತ್ತೇವೆ? ಟೈರು, ಹೊಗೆಯ ಬಣ್ಣ, ಎಣ್ಣೆ ಸೋರಿಕೆ, ಹೈಡ್ರಾಲಿಕ್, ಆರ್.ಸಿ. ಪುಸ್ತಕ. ಎತ್ತಿನ ಹಲ್ಲು, ಸುಳಿ ನೋಡಿದ ಹಾಗೆ. ಬಾನೆಟ್ ಒಳಗಿನ ವಾಯರನ್ನು ಮಾತ್ರ ಯಾರೂ ನೋಡುವುದಿಲ್ಲ. ನಾನೂ ನೋಡಲಿಲ್ಲ.

2021ರ ಬೇಸಿಗೆಯಲ್ಲಿ 35 ಎಚ್.ಪಿ.ಯ ಹಳೇ ಗಾಡಿ ತಂದೆ. ಮೃಗಶಿರಾ ಮಳೆ ಆಗಿ ಎರೆ ಹೊಲ ಹೆಸರು ಬಿತ್ತುವ ಹದಕ್ಕೆ ಬಂತು. ಬೆಳಿಗ್ಗೆ ಕೀಲಿ ತಿರುವಿದರೆ ಸೆಲ್ಫ್ ತಿರುಗಲಿಲ್ಲ, ಬರೇ ‘ಟಕ್’ ಅಂತು. ಗ್ಯಾರೇಜಿನವರು ಬ್ಯಾಟರಿ ಸತ್ತಿದೆ ಅಂದರು. ಸಾಲ ಮಾಡಿ ಹೊಸದು ಹಾಕಿಸಿದೆ. ಎರಡು ದಿನ ನಡೆಯಿತು. ಮೂರನೇ ದಿನ ಕೂರಿಗೆ ಕಟ್ಟಿಕೊಂಡು ಹೊಲದ ನಡುವೆ ಮತ್ತೆ ಅದೇ ಟಕ್. ಎರೆ ಮಣ್ಣಿನಲ್ಲಿ ಟ್ರ್ಯಾಕ್ಟರ್ ನೂಕಿ ಚಾಲೂ ಮಾಡೋದು ಆಗದ ಮಾತು. ಬಾಡಿಗೆ ಗಾಡಿ ಆ ವಾರ ಸಿಗಲಿಲ್ಲ. ನಾಲ್ಕು ಎಕರೆ ಹೆಸರು ತಪ್ಪಿತು.

ಆಮೇಲೆ ನಮ್ಮೂರ ಹಳೇ ಲಾರಿ ಡ್ರೈವರ್ ಕಾಕಾ ಬಂದರು. ಗೇರ್ ನ್ಯೂಟ್ರಲ್ ಮಾಡಿಸಿ, ದಪ್ಪ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರೀ ಕಬ್ಬಿಣಕ್ಕೆ ಹಿಡಿದರು. ಸೆಲ್ಫ್ ಗರ್ ಅಂತ ತಿರುಗಿತು! “ತಮ್ಮಾ, ಕರೆಂಟು ಹೋಗೋ ದಾರಿ ನೋಡ್ತೀರಿ, ತಿರುಗಿ ಬರೋ ದಾರಿ ನೋಡಂಗಿಲ್ಲ” ಅಂದರು. ಸೆಲ್ಫಿಗೆ ಹೋದ ಕರೆಂಟು ಗಾಡಿಯ ಮೈ ಕಬ್ಬಿಣದಿಂದಲೇ ಅರ್ಥ್ ಪಟ್ಟಿ ಹಿಡಿದು ಬ್ಯಾಟರಿಗೆ ಮರಳಬೇಕು. ಮಾರುವ ಮೊದಲು ಗಾಡಿಗೆ ಹೊಸ ಬಣ್ಣ ಹೊಡೆದು, ಆ ಬಣ್ಣದ ಮೇಲೇ ಪಟ್ಟಿ ಬಿಗಿದಿದ್ದರು. ಮಳೆಗೆ ಬೋಲ್ಟೂ ತುಕ್ಕು ಹಿಡಿದಿತ್ತು. ನಾನು ಮೆಚ್ಚಿ ಕೊಂಡಿದ್ದು ಅದೇ ಬಣ್ಣವನ್ನು ನೋಡಿ! ಎಮರಿ ಕಾಗದದಿಂದ ತಿಕ್ಕಿ ಬಿಗಿದೆವು, ಇವತ್ತಿಗೂ ತಕರಾರಿಲ್ಲ.

ಮಿಸ್ತ್ರಿಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಬಿತ್ತಿಗೆ ದಿನಗಳಲ್ಲಿ ಅವರ ಮುಂದೆ ಹತ್ತು ಗಾಡಿ ನಿಂತಿರುತ್ತವೆ. ವಾಯರಿನ ಹಿಂದೆ ಬೀಳುವುದಕ್ಕಿಂತ ಬ್ಯಾಟರಿ ಬದಲಿಸುವುದು ಸಲೀಸು. ‘ಕರೆಂಟ್ ವಿಷಯ ನಮಗೆ ತಿಳಿಯೋದಲ್ಲ’ ಅಂತ ನಾವೇ ಕೈ ಬಿಟ್ಟಿರುವುದು ತಪ್ಪು. ನಾನು ಓದಿದ್ದು ಏಳನೇ ಇಯತ್ತೆ. ಒಂದು ಸಣ್ಣ ಮೀಟರ್ ತಂದುಕೊಂಡೆ. ರಾತ್ರಿಯೆಲ್ಲ ನಿಂತ ಗಾಡಿಯ ಒಳ್ಳೇ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 14ರ ಆಸುಪಾಸು ಏರಬೇಕು. ಏರದಿದ್ದರೆ ಚಾರ್ಜ್ ಆಗುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಅದೂ ಇಳಿಯುತ್ತದೆ. ಇಷ್ಟು ತಿಳಿಯಲು ಕಾಲೇಜು ಬೇಕೇನ್ರಿ?

ಫ್ಯೂಸ್ ಜಾಗ ತಪ್ಪದೆ ನೋಡಿರಿ. ನನ್ನ ಗಾಡಿಯಲ್ಲಿ ಫ್ಯೂಸಿನ ಬದಲು ದಪ್ಪ ತಂತಿ ಸುತ್ತಿದ್ದರು. ಎಲ್ಲಾದರೂ ವಾಯರ್ ಕಬ್ಬಿಣಕ್ಕೆ ತಾಗಿದರೆ ಆ ತಂತಿ ಸುಡುವುದಿಲ್ಲ, ವಾಯರೇ ಸುಡುತ್ತದೆ. ಡೀಸೆಲ್ ಪೈಪು ಪಕ್ಕದಲ್ಲೇ ಇರುತ್ತದೆ. ಕೈ ಹಾಕುವ ಮೊದಲು ಮೈನಸ್ ಬಿಚ್ಚಿರಿ. ಪ್ಲಸ್ ಮೊದಲು ಬಿಚ್ಚಲು ಹೋಗಿ ಪಾನಾ ಮೈಗೆ ತಾಗಿದರೆ ಕಿಡಿ ಹಾರುತ್ತದೆ.

ನನ್ನದೊಂದು ಸೂಚನೆ. ಹಳೇ ಗಾಡಿ ಇಟ್ಟುಕೊಂಡವರು ಯಾವ ಬಣ್ಣದ ವಾಯರ್ ಎಲ್ಲಿಂದ ಎಲ್ಲಿಗೆ ಅಂತ ಒಂದು ಹಾಳೆಯಲ್ಲಿ ಬರೆದಿಡಬೇಕು. ಮಾರುವಾಗ ಆರ್.ಸಿ. ಜೊತೆ ಅದನ್ನೂ ಕೊಡಬೇಕು. ನನ್ನ ಹಾಳೆ ಮುಕ್ಕಾಲು ತುಂಬಿದೆ. ಮೀಟರ್ ಪಟ್ಟಿಯ ಹಿಂದಿನ ಒಂದು ಹಳದಿ ವಾಯರ್ ಮಾತ್ರ ಎಲ್ಲಿಗೆ ಹೋಗುತ್ತದೋ ಇನ್ನೂ ಸಿಕ್ಕಿಲ್ಲ.