ರಾಮದುರ್ಗದ ಹುಡುಗಿಗೆ ಡಯಟಿಷಿಯನ್ ಆಗಲು ಎಷ್ಟು ದೂರ?

ನಾವು ಕೆಲವು ವರ್ಷ ಬೈಲಹೊಂಗಲ ಕಡೆ ಮದ್ರಸದಲ್ಲಿ ಪಾಠ ಹೇಳಿದವರು. ಊರಿಗೆ ಮರಳಿ ಬಹಳ ಕಾಲವಾದರೂ ಆ ಕಡೆಯ ಫೋನು ನಿಂತಿಲ್ಲ. ಮೊನ್ನೆ ಅಸರ್ ನಮಾಝ್ ಮುಗಿಸಿ ಹೊರಗೆ ಬಂದಾಗ ರಾಮದುರ್ಗದ ಪರಿಚಯದವರೊಬ್ಬರು ಮಾತಾಡಿದರು. ಮಗ್ಗ ನಂಬಿ ಬದುಕುವ ಮನೆ ಅವರದು. "ಹಜರತ್, ಮಗಳು ಡಯಟಿಷಿಯನ್ ಆಗ್ತೀನಿ ಅಂತಾಳ್ರೀ. ಮನ್ಯಾಗ ಕುಂತು ಎಂ.ಎಸ್ಸಿ. ಮಾಡ್ತೀನಿ ಅಂದಿದ್ಲು, ಈಗ ಅದು ಬಂದ್ ಆಗೇತಂತ. ಇಲ್ಲೊಬ್ರು ಮೂರ್ ತಿಂಗಳ ಕೋರ್ಸ್ ಐತಿ ಅಂದ್ರು, ಐದ್ ಸಾವಿರ ಅಡ್ವಾನ್ಸ್ ಕೊಟ್ಟು ಬಂದೀನಿ. ಖರೇನ ಐತೇನ್ರಿ ಅದು?"

ಹುಡುಗಿ ಬಿ.ಎಸ್ಸಿ. ಮುಗಿಸಿದ್ದಾಳೆ. ಆಹಾರ ಮತ್ತು ಪೋಷಣೆ ಅವಳ ಒಂದು ವಿಷಯವಾಗಿತ್ತು. ಮೂರು ತಿಂಗಳ ಕೋರ್ಸಿನಿಂದ ಆಸ್ಪತ್ರೆಯ ಡಯಟಿಷಿಯನ್ ಆಗುವುದಿಲ್ಲ, ಕೊಟ್ಟ ದುಡ್ಡು ವಾಪಸ್ ಕೇಳಿ ಎಂದು ನಾವು ಅಲ್ಲೇ ಹೇಳಿಬಿಟ್ಟೆವು. ಆದರೆ ಅವರ ಮೊದಲ ಮಾತು, ಆ 'ಬಂದ್' ಆದ ಸಂಗತಿ, ಅದು ಮಾತ್ರ ನಿಜ. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೂ ತಟ್ಟುವ ವಿಷಯವದು. ಅದಕ್ಕೇ ಈ ವಾರ ಅದನ್ನೇ ಬರೆಯೋಣ ಅಂತ ಕೂತೆವು.

ಆಗಿದ್ದು ಇಷ್ಟು. ಆರೋಗ್ಯಕ್ಕೆ ಸಂಬಂಧಪಟ್ಟ, ಆದರೆ ಡಾಕ್ಟರು ನರ್ಸು ಅಲ್ಲದ ವೃತ್ತಿಗಳಿಗೆಂದೇ ಸಂಸತ್ತು 2021ರಲ್ಲಿ ಒಂದು ಕಾಯ್ದೆ ಮಾಡಿತು. ಫಿಸಿಯೋಥೆರಪಿ, ಡಯಾಲಿಸಿಸ್, ಎಕ್ಸ್‌ರೇ ಇವುಗಳ ಜೊತೆ ಡಯಟಿಷಿಯನ್ ಕೆಲಸವೂ ಅದರ ಪಟ್ಟಿಯಲ್ಲಿದೆ. ಇವರೆಲ್ಲರೂ ರಾಜ್ಯದ ಮಂಡಳಿಯಲ್ಲಿ ಹೆಸರು ನೋಂದಾಯಿಸಿಯೇ ಕೆಲಸ ಮಾಡಬೇಕು ಎನ್ನುವುದು ಕಾಯ್ದೆಯ ಉದ್ದೇಶ. 2025ರ ಏಪ್ರಿಲ್‌ನಲ್ಲಿ ಹತ್ತು ವೃತ್ತಿಗಳಿಗೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಬಂತು. ಅದರಲ್ಲಿ ಪೋಷಣೆ ಮತ್ತು ಡಯಟೆಟಿಕ್ಸ್ ಒಂದು. ಅದರ ಹಿಂದೆಯೇ ಯುಜಿಸಿ ಆದೇಶ. 2025ರ ಜುಲೈ-ಆಗಸ್ಟ್ ಸಾಲಿನಿಂದ ಈ ಕಾಯ್ದೆಯ ಅಡಿ ಬರುವ ಕೋರ್ಸುಗಳನ್ನು ಯಾವ ವಿಶ್ವವಿದ್ಯಾಲಯವೂ ದೂರ ಶಿಕ್ಷಣದಲ್ಲಾಗಲೀ ಆನ್‌ಲೈನ್‌ನಲ್ಲಾಗಲೀ ನಡೆಸಬಾರದು. ಮನಃಶಾಸ್ತ್ರ, ಆಹಾರ ಮತ್ತು ಪೋಷಣಾ ವಿಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಮತ್ತು ಡಯಟೆಟಿಕ್ಸ್, ಎಲ್ಲವೂ ಇದರೊಳಗೆ ಬಂದವು.

ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ ಡಯಟೆಟಿಕ್ಸ್ ಎಂ.ಎಸ್ಸಿ. ಅಂತ ಒಂದಿತ್ತು. ಮದುವೆಯಾಗಿ ಮಗುವಾದ ಮೇಲೆ ಓದು ಮುಂದುವರಿಸಬೇಕೆಂದ ಹೆಣ್ಮಕ್ಕಳಿಗೆ ಅದೇ ದಾರಿ. ಪುಸ್ತಕ ಅಂಚೆಯಲ್ಲಿ ಮನೆಗೆ, ಪ್ರಾಕ್ಟಿಕಲ್‌ಗೆ, ಪರೀಕ್ಷೆಗೆ ಪಟ್ಟಣಕ್ಕೆ. ರಾಮದುರ್ಗದ ಹುಡುಗಿ ನಂಬಿ ಕೂತಿದ್ದು ಇಂಥ ದಾರಿಯನ್ನೇ.

ಆದೇಶ ತಪ್ಪಾ? ನಮಗೆ ಹಾಗೆ ಅನಿಸುವುದಿಲ್ಲ. ಡಯಟಿಷಿಯನ್ ಕೆಲಸ ಅಂದರೆ ತೂಕ ಇಳಿಸುವ ಚಾರ್ಟ್ ಬರೆದುಕೊಡುವುದು ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಆಸ್ಪತ್ರೆಯಲ್ಲಿ ನೋಡಿದರೆ ಬೇರೆಯೇ ಇದೆ. ಮೂಗಿನ ನಳಿಕೆಯಲ್ಲಿ ಆಹಾರ ಹೋಗುವ ರೋಗಿಗೆ ಎರಡು ಗಂಟೆಗೊಮ್ಮೆ ಎಷ್ಟು ಎಂ.ಎಲ್., ಅದರಲ್ಲಿ ಪ್ರೋಟೀನ್ ಎಷ್ಟು, ಇದನ್ನು ಲೆಕ್ಕ ಹಾಕಿ ಬರೆಯುವುದು ಅವರೇ. ಡಯಾಲಿಸಿಸ್ ಮಾಡಿಸುವ ರೋಗಿಗೆ ಪೊಟ್ಯಾಶಿಯಂ ಏರಿದರೆ ಹೃದಯವೇ ನಿಲ್ಲಬಹುದು. ಅವರಿಗೆ ತರಕಾರಿ ಸಣ್ಣಗೆ ಹೆಚ್ಚಿ, ತುಂಬ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಪಲ್ಯ ಮಾಡಲು ಹೇಳಿಕೊಡಬೇಕು. ಎಳನೀರು ಒಳ್ಳೇದು ಅಂತ ಕಿಡ್ನಿ ರೋಗಿಗೆ ದಿನಾ ಕುಡಿಸುವ ಮನೆಗಳು ನಮ್ಮ ಕಡೆ ಎಷ್ಟಿಲ್ಲ! ಇದನ್ನೆಲ್ಲ ವಾರ್ಡಿನಲ್ಲಿ ನಿಂತು, ಹಿರಿಯರ ಕೈಕೆಳಗೆ ಕಲಿಯಬೇಕು. ಅಂಚೆಯಲ್ಲಿ ಬರುವಂಥದ್ದಲ್ಲ ಅದು.

1963ರಿಂದ ಇರುವ ಭಾರತೀಯ ಡಯಟೆಟಿಕ್ ಸಂಘ 'ರಿಜಿಸ್ಟರ್ಡ್ ಡಯಟಿಷಿಯನ್' ಪರೀಕ್ಷೆ ನಡೆಸುತ್ತದೆ. ಅದಕ್ಕೆ ಸ್ನಾತಕೋತ್ತರ ಓದು ಬೇಕು. ಅದರ ಮೇಲೆ ಆಸ್ಪತ್ರೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಬೇಕು. ಇದು ವೃತ್ತಿಯವರ ಸಂಘ ಕೊಡುವ ಮನ್ನಣೆ, ಸರ್ಕಾರದ ನೋಂದಣಿ ಬೇರೆ. ಎರಡನ್ನೂ ಒಂದೇ ಅಂತ ಹೇಳಿ ಫೀಸು ಕೇಳುವವರಿದ್ದಾರೆ, ಜಾಗ್ರತೆ.

ಹಾಗಾದರೆ ತೊಂದರೆ ಎಲ್ಲಿ? ಒಂದು ಬಾಗಿಲು ಮುಚ್ಚುವಾಗ ಇನ್ನೊಂದನ್ನು ಹತ್ತಿರಕ್ಕೆ ತರಬೇಕಿತ್ತು, ಅದು ಆಗಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಬೆಳಗಾವಿ ಜಿಲ್ಲೆಯ ತಾಲೂಕುಗಳು. ಆದರೂ ಬಸ್ಸು ಹಿಡಿಯುವ ಹುಡುಗಿಯ ಕಣ್ಣಲ್ಲಿ ಒಂದಕ್ಕೊಂದು ಸಮ ಅಲ್ಲ. ಕಿತ್ತೂರು ಹೆದ್ದಾರಿಯ ಮೇಲೇ ಇದೆ. ಅಲ್ಲಿಂದ ಧಾರವಾಡ ಸುಮಾರು 30 ಕಿಲೋಮೀಟರ್. ಸವದತ್ತಿ, ಬೈಲಹೊಂಗಲದಿಂದ 40ರ ಆಸುಪಾಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ. ಬೆಳಿಗ್ಗೆ ಹೋಗಿ ಸಂಜೆ ಬರುವ ಓದು ಈ ಮೂರೂ ಕಡೆಯವರಿಗೆ ಆಗದ ಮಾತೇನಲ್ಲ. ರಾಮದುರ್ಗ ಮಾತ್ರ ಅದರ ಎರಡರಷ್ಟು ದೂರ. ದಿನಾ ಹೋಗಿಬರುವುದು ಕಷ್ಟವೇ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಹಿಂದೆ ಗ್ರಾಮೀಣ ಗೃಹವಿಜ್ಞಾನ ಅಂತಿದ್ದ ಕಾಲೇಜು ಇದೆ. ಈಗ ಅದರ ಹೆಸರು ಸಮುದಾಯ ವಿಜ್ಞಾನ ಕಾಲೇಜು. ಪದವಿಯ ನಂತರ ಅಲ್ಲೇ ಆಹಾರ ಮತ್ತು ಪೋಷಣೆಯಲ್ಲಿ ಎಂ.ಎಸ್ಸಿ. ಮಾಡಬಹುದು. ಪದವಿಗೆ ಸೇರಲು ಪಿಯುಸಿ ವಿಜ್ಞಾನ ಬೇಕು, ಸಿಇಟಿ ಬರೆಯಬೇಕು. ರೈತರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಮೀಸಲು ಇದೆ. ಸವದತ್ತಿ ಕಡೆ ಎರಡು ಎಕರೆ ಜೋಳ-ಕಡಲೆ ಬೆಳೆಯುವ ನಮ್ಮ ಪರಿಚಯದ ಎಷ್ಟೋ ಮನೆಗಳಿಗೆ ಈ ಸಂಗತಿಯೇ ಗೊತ್ತಿರಲಿಲ್ಲ. ಕೃಷಿ ವಿಶ್ವವಿದ್ಯಾಲಯ ಅಂದರೆ ಗೊಬ್ಬರ, ಬೀಜ ಅಷ್ಟೇ ಅಂದುಕೊಂಡಿದ್ದರು. ಇನ್ನೊಂದು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಅಲ್ಲಿ ಆಹಾರ ಸಂಸ್ಕರಣೆ ಮತ್ತು ಪೋಷಣೆ ವಿಭಾಗವಿದೆ. ಹೆಣ್ಮಕ್ಕಳೇ ಓದುವ ಜಾಗ ಎಂಬ ಕಾರಣಕ್ಕೆ ರಾಮದುರ್ಗದ ತಂದೆಗೆ ಅದು ಒಪ್ಪಿಗೆ. ಆದರೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಮೈಸೂರು ವಿಶ್ವವಿದ್ಯಾಲಯದ ಆಹಾರ ವಿಜ್ಞಾನ ಮತ್ತು ಪೋಷಣಾ ವಿಭಾಗ ಹಳೆಯದು, ಒಳ್ಳೆಯ ಹೆಸರಿದೆ, ಆ ಕಡೆಯವರಿಗೆ ಅದು ಇನ್ನೂ ದೂರ. ನಮ್ಮ ಕರಾವಳಿಯವರಿಗೆ ಮಣಿಪಾಲದಲ್ಲೇ ಡಯಟೆಟಿಕ್ಸ್ ಎಂ.ಎಸ್ಸಿ. ಇದೆ, ಫೀಸು ಮಾತ್ರ ಎಲ್ಲರ ಕೈಗೆ ಎಟುಕುವಂಥದ್ದಲ್ಲ.

ಸೇರುವ ಮೊದಲು ಕಾಲೇಜಿನಲ್ಲಿ ಕೇಳಬೇಕಾದ್ದು ಎರಡೇ ಪ್ರಶ್ನೆ. ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ? ಅಲ್ಲಿ ಅರ್ಹ ಡಯಟಿಷಿಯನ್ ಇದ್ದಾರಾ? ಕಟ್ಟಡ, ಲ್ಯಾಬು ತೋರಿಸುವವರು ಬಹಳ ಜನ, ಈ ಎರಡಕ್ಕೆ ಉತ್ತರ ಕೊಡುವವರು ಕಡಿಮೆ.

ಇದನ್ನೆಲ್ಲ ಓದಿ ಹೊರಬಂದ ಹುಡುಗಿಗೆ ಕೆಲಸ ಇದೆಯಾ ಅಂತ ಕೇಳುತ್ತಾರೆ. ಅಗತ್ಯ ಇದೆ, ಹುದ್ದೆ ಕಡಿಮೆ. 2023ರಲ್ಲಿ ಹೊರಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಎಂದಿದೆ. ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅಪೌಷ್ಟಿಕ ಮಕ್ಕಳನ್ನು ತಾಯಿ ಜೊತೆ ಇರಿಸಿ ಆರೈಕೆ ಮಾಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಆಹಾರ ಸಲಹೆಗಾರರು ಬೇಕು. ಅದು ಹೆಚ್ಚಾಗಿ ಗುತ್ತಿಗೆ ಕೆಲಸ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಹುದ್ದೆ ಇದೆ, ಅವಿರುವುದು ಬೆಳಗಾವಿ, ಹುಬ್ಬಳ್ಳಿ-ಧಾರವಾಡದಲ್ಲಿ. ಗಲ್ಫ್ ಆಸೆ ಇರುವವರೂ ತಿಳಿದಿರಲಿ, ಅಲ್ಲಿ ಪ್ರಮಾಣಪತ್ರವನ್ನು ಓದಿದ ಕಾಲೇಜಿಗೇ ಬರೆದು ಪರಿಶೀಲಿಸುತ್ತಾರೆ, ಪರೀಕ್ಷೆಯನ್ನೂ ಬರೆಸುತ್ತಾರೆ. ಮೂರು ತಿಂಗಳ ಕಾಗದ ಅಲ್ಲಿ ನಡೆಯುವುದಿಲ್ಲ.

ಆದರೂ ಆ ಕಡೆಯ ಹುಡುಗಿಯೇ ಆ ಕಡೆಗೆ ಡಯಟಿಷಿಯನ್ ಆಗಬೇಕು ಅಂತ ನಾವು ಹೇಳುವುದಕ್ಕೆ ಕಾರಣ ಇದೆ. ಬೈಲಹೊಂಗಲಕ್ಕೆ ಹೋದ ಹೊಸತರಲ್ಲಿ ಒಂದು ಮನೆಯಲ್ಲಿ ಊಟಕ್ಕೆ "ಪುಂಡಿ ಐತ್ರಿ" ಅಂದರು. ನಮಗೆ ಖುಷಿಯೋ ಖುಷಿ. ನಮ್ಮ ಕಡೆ ಪುಂಡಿ ಅಂದರೆ ಅಕ್ಕಿಯ ಉಂಡೆ, ಜೊತೆಗೆ ಕೋಳಿ ಸಾರು ಇರಬಹುದು ಅಂತ ಕಾದು ಕೂತರೆ ಬಂದದ್ದು ಹುಳಿ ಸೊಪ್ಪಿನ ಪಲ್ಯ ಮತ್ತು ಜೋಳದ ರೊಟ್ಟಿ! (ರುಚಿ ಹತ್ತಿದ ಮೇಲೆ ಅದನ್ನು ಬಿಡಲಾಗಲಿಲ್ಲ, ಅದು ಬೇರೆ ಮಾತು.) ಊರಿನ ಊಟ ಗೊತ್ತಿಲ್ಲದವರು ಚಾರ್ಟಿನಲ್ಲಿ 'ಪುಂಡಿ ಬಿಡಿ' ಅಂತ ಬರೆದರೆ ಒಂದು ಜಿಲ್ಲೆಯಲ್ಲಿ ಅನ್ನ ಬಿಟ್ಟಂತೆ, ಇನ್ನೊಂದರಲ್ಲಿ ಸೊಪ್ಪು ಬಿಟ್ಟಂತೆ.

ಅದೇ ಓಣಿಯ ಒಬ್ಬ ಅಜ್ಜಿಗೆ ಶುಗರ್. ಎಲ್ಲೋ ತೋರಿಸಿಕೊಂಡು ಬಂದಿದ್ದರು. ಕೈಯಲ್ಲಿದ್ದ ಅಚ್ಚು ಹಾಕಿದ ಚೀಟಿಯಲ್ಲಿ ಓಟ್ಸ್, ಬ್ರೊಕೋಲಿ, ಬ್ರೌನ್ ಬ್ರೆಡ್. "ಇವೆಲ್ಲಾ ಎಲ್ಲಿ ಸಿಗತಾವ್ರಿ ಹಜರತ್? ರೊಟ್ಟಿ ಬಿಟ್ರ ನಾ ಏನ್ ತಿನ್ಲಿ?" ಎಂದು ಕೇಳಿದರು. ರೊಟ್ಟಿ ಬಿಡಬೇಕಾಗಿಯೇ ಇರಲಿಲ್ಲ. ನಾಲ್ಕರ ಬದಲು ಎರಡು, ಜೊತೆಗೆ ಮಡಿಕೆ ಕಾಳಿನ ಪಲ್ಯ, ಮೆಂತ್ಯೆ ಸೊಪ್ಪು, ಒಂದು ಚಮಚ ಅಗಸಿ ಚಟ್ನಿ ಎಂದಿದ್ದರೆ ಅಜ್ಜಿ ಪಾಲಿಸುತ್ತಿದ್ದರು. ಜೋಳ ಒಳ್ಳೇದು ಅಂತ ಲೆಕ್ಕ ಇಲ್ಲದೆ ತಿನ್ನುವವರೂ ಇದ್ದಾರೆ, ಅದೂ ಶುಗರ್ ಏರಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಭಾರತೀಯ ಆಹಾರಗಳ ಪೋಷಕಾಂಶದ ಕೋಷ್ಟಕ ಪ್ರಕಟಿಸಿದೆ. ಜೋಳವೂ ಪುಂಡಿ ಸೊಪ್ಪೂ ಅದರಲ್ಲಿವೆ. ಕೋಷ್ಟಕವನ್ನು ಅಜ್ಜಿಯ ತಟ್ಟೆಗೆ ಇಳಿಸಿ ಹೇಳಬಲ್ಲವರು ಆ ತಾಲೂಕಿನಲ್ಲಿ ಇರಲಿಲ್ಲ, ಅಷ್ಟೇ.

ರಮಳಾನ್ ಬಂದರೆ ಇದು ನಮ್ಮ ಬಾಗಿಲಿಗೂ ಬರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಹಿಡಿಯಬಹುದಾ ಅಂತ ಉಸ್ತಾದರನ್ನು ಕೇಳುತ್ತಾರೆ. ರೋಗಿಗೆ ರಿಯಾಯಿತಿ ಇದೆ ಎಂದು ನಾವು ಹೇಳಬಹುದು. ಆದರೆ ಅತ್ತಾಳಕ್ಕೆ ಏನು ತಿನ್ನಬೇಕು, ಮಧ್ಯಾಹ್ನ ಶುಗರ್ ಎಷ್ಟಕ್ಕೆ ಇಳಿದರೆ ಕೂಡಲೇ ಬಿಡಬೇಕು ಎಂದು ಹೇಳುವ ವಿದ್ಯೆ ನಮ್ಮ ಹತ್ತಿರ ಇಲ್ಲ. ಅಂತಾರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟದ 2021ರ ಮಾರ್ಗಸೂಚಿ, ರಮಳಾನ್‌ಗೆ ಆರೆಂಟು ವಾರ ಮೊದಲೇ ರೋಗಿಯನ್ನು ಪರೀಕ್ಷಿಸಿ ಸಲಹೆ ಕೊಡಬೇಕು ಎನ್ನುತ್ತದೆ. ನಮ್ಮಲ್ಲಿ ಚಂದ್ರ ಕಾಣುವ ದಿನ ಕೇಳುತ್ತಾರೆ!

ಇನ್ನು ಹಾಸ್ಟೆಲ್. ಮಗಳನ್ನು ಧಾರವಾಡಕ್ಕೋ ವಿಜಯಪುರಕ್ಕೋ ಕಳಿಸಿ ಅಂದರೆ ಮೊದಲ ಮಾತು "ಎಲ್ಲಿ ಇರ್ತಾಳೆ?" ಇದನ್ನು ತಮಾಷೆ ಮಾಡುವವರು ನಾವಲ್ಲ, ನಮಗೂ ಹೆಣ್ಮಕ್ಕಳಿದ್ದಾರೆ. ಆದರೆ ಹದಿನೆಂಟರ ಮಗನನ್ನು ದುಬೈಯ ರೂಮಿಗೆ ಕಳಿಸುವಾಗ ಈ ಪ್ರಶ್ನೆ ಯಾರೂ ಕೇಳಿದ್ದು ನಮಗೆ ನೆನಪಿಲ್ಲ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ನಗರಗಳಲ್ಲಿ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್ ನಡೆಸುತ್ತದೆ. ಅರ್ಜಿ ಕರೆದಾಗ ಹಾಕಬೇಕು. ಕಡೇ ದಿನ ದಾಟಿದ ಮೇಲೆ ಶಿಫಾರಸಿಗೆ ಓಡಾಡಿದರೆ ಪ್ರಯೋಜನ ಇಲ್ಲ. ಜಮಾಅತ್‌ಗಳು ಈ ಅರ್ಜಿಯ ದಿನಾಂಕವನ್ನು ಜುಮಾ ದಿನ ಹೇಳಿದರೂ ಸಾಕು, ಕಟ್ಟಡ ಕಟ್ಟಬೇಕಾಗಿಲ್ಲ.

ಎಸೆಸೆಲ್ಸಿ ಮುಗಿಸಿದ ಮಕ್ಕಳ ಮನೆಯವರಿಗೆ ಇನ್ನೊಂದು ಮಾತು. ಕಾಲೇಜು ಹತ್ತಿರ ಇದೆ ಅಂತ ಆರ್ಟ್ಸ್, ಕಾಮರ್ಸ್‌ಗೆ ಸೇರಿಸಿ, ಐದು ವರ್ಷದ ಮೇಲೆ ಡಯಟಿಷಿಯನ್ ಆಗಬೇಕೆಂದರೆ ಸಾಮಾನ್ಯವಾಗಿ ಆಗುವುದಿಲ್ಲ. ಪಿಯುಸಿಯಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಪಿಯುಸಿ ಮಾಡಿದ ನಮಗೂ ಆಗ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಮೊನ್ನೆ ರಾಮದುರ್ಗದವರು ಮತ್ತೆ ಫೋನ್ ಮಾಡಿದ್ದರು. ಅಡ್ವಾನ್ಸ್‌ನಲ್ಲಿ ಮೂರು ಸಾವಿರ ವಾಪಸ್ ಬಂದಿದೆ. ಉಳಿದ ಎರಡು ಸಾವಿರಕ್ಕೆ 'ಫಾರ್ಮಿನ ಖರ್ಚು' ಅಂದರಂತೆ. ಮಗಳು ವಿಜಯಪುರದ ಅರ್ಜಿಗೆ ಮಾರ್ಕ್ಸ್‌ಕಾರ್ಡ್ ಜೆರಾಕ್ಸ್ ಮಾಡಿಸಿ ಇಟ್ಟಿದ್ದಾಳೆ. ತಾಯಿ ಇನ್ನೂ ಪೂರ್ತಿ ಒಪ್ಪಿಲ್ಲ. "ಹಾಸ್ಟೆಲ್‌ನಾಗ ರಂಜಾನ್‌ದಾಗ ಸಹರಿಗೆ ಊಟ ಕೊಡ್ತಾರೇನು, ಕೇಳಿ ಹೇಳ್ರಿ ಅಂತಾಳ ಹಜರತ್" ಅಂದರು. ವಿಜಯಪುರದಲ್ಲಿ ಗೊತ್ತಿರುವವರೊಬ್ಬರ ನಂಬರ್ ಇದೆ. ಕೇಳಿ ಹೇಳುತ್ತೇವೆ ಎಂದಿದ್ದೇವೆ.